ಪೈಲಟ್‌ಗಳು ಆಕಾಶ ಓದಲು ಕಲಿತ ಬಗೆ

ದೋಣಿಗೆ ನೀರು ಹೇಗೋ ವಿಮಾನಕ್ಕೆ ಗಾಳಿ ಹಾಗೆ. ಎತ್ತಿ ಹಿಡಿಯುವುದೂ ಅದೇ, ಕೆಡವುವುದೂ ಅದೇ. ರೆಕ್ಕೆಯ ಸುತ್ತ ಗಾಳಿ ಸಾಕಷ್ಟು ವೇಗದಲ್ಲಿ ಹರಿದರೆ ವಿಮಾನ ಮೇಲೇಳುತ್ತದೆ; ಆ ಹರಿವು ಕುಗ್ಗಿದರೆ ಎಷ್ಟೇ ಬಲವಾದ ಎಂಜಿನ್ ಇದ್ದರೂ ಕೆಳಗಿಳಿಯುತ್ತದೆ. ದೋಣಿಯವನಿಗೆ ಅಲೆ ಕಣ್ಣಿಗೆ ಕಾಣುತ್ತದೆ, ಪೈಲಟ್‌ಗೆ ಗಾಳಿ ಕಾಣುವುದಿಲ್ಲ. ಕಾಣದ ಗಾಳಿಯನ್ನು ತಿಳಿಯಬೇಕಾದರೆ ಬೇರೆಯವರ ಕಣ್ಣು ಬೇಕು: ನೆಲದ ಮೇಲಿನ ವೀಕ್ಷಕರದ್ದು, ಉಪಕರಣಗಳದ್ದು, ಅದೇ ದಾರಿಯಲ್ಲಿ ಮುಂದೆ ಹೋದ ಇನ್ನೊಬ್ಬ ಪೈಲಟ್‌ನದು. ವಿಮಾನಯಾನದ ಹವಾಮಾನ ಜ್ಞಾನ ಬೆಳೆದದ್ದು ಹೀಗೆ ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ತಲುಪಿಸುವ ಏರ್ಪಾಡಿನಿಂದ. ಸುಮಾರು 120 ವರ್ಷಗಳಲ್ಲಿ ಅದು ಬೆಳೆದ ಪ್ರತಿ ಹೆಜ್ಜೆಯ ಹಿಂದೆ ಒಂದು ಸೋಲು, ಹಲವು ಬಾರಿ ಒಂದು ದುರಂತ ಇದೆ.

ಕಿಟ್ಟಿ ಹಾಕ್‌ನ ಗಾಳಿ

ಅಮೆರಿಕದ ಡೇಟನ್‌ನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ವಿಲ್ಬರ್ ಮತ್ತು ಆರ್ವಿಲ್ ರೈಟ್ ಸೋದರರು ಹಾರಾಟದ ಪ್ರಯೋಗಕ್ಕೆ ಜಾಗ ಹುಡುಕುವಾಗ ಮೊದಲು ನೋಡಿದ್ದು ಹವಾಮಾನ ಇಲಾಖೆಯ ಗಾಳಿಯ ಅಂಕಿಅಂಶಗಳನ್ನು. ಅವರಿಗೆ ಬೇಕಾಗಿದ್ದದ್ದು ಸಮನಾಗಿ ಬೀಸುವ ಜೋರು ಗಾಳಿ ಮತ್ತು ಬಿದ್ದರೆ ಪೆಟ್ಟಾಗದ ಮರಳು. ಉತ್ತರ ಕೆರೊಲಿನಾದ ಕಡಲತೀರದ ಕಿಟ್ಟಿ ಹಾಕ್ ಎಂಬ ಹಳ್ಳಿಯಲ್ಲಿ ಒಂದು ಹವಾಮಾನ ಠಾಣೆ ಇತ್ತು. 1900ರ ಆಗಸ್ಟ್‌ನಲ್ಲಿ ವಿಲ್ಬರ್ ಅಲ್ಲಿಗೆ ಪತ್ರ ಬರೆದರು. ತೀರ ಒಂದು ಮೈಲಿಯಷ್ಟು ಅಗಲವಿದೆ, ಮರಗಿಡ ಅಡ್ಡವಿಲ್ಲ, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಹೆಚ್ಚಾಗಿ ಉತ್ತರ, ಈಶಾನ್ಯ ದಿಕ್ಕಿನಿಂದ ಗಾಳಿ ಬೀಸುತ್ತದೆ ಎಂದು ಠಾಣೆಯ ಜೋಸೆಫ್ ಡೋಷರ್ ಉತ್ತರಿಸಿದರು. ಹಾರಾಟಕ್ಕೆ ಹೊರಟವರು ಹವಾಮಾನ ಕಚೇರಿಯನ್ನು ಕೇಳಿ ಮುಂದಡಿ ಇಟ್ಟ ಮೊದಲ ಉದಾಹರಣೆಗಳಲ್ಲಿ ಇದೂ ಒಂದು.

1903ರ ಡಿಸೆಂಬರ್ 17ರ ಬೆಳಿಗ್ಗೆ ಅಲ್ಲಿ ಗಂಟೆಗೆ 32ರಿಂದ 43 ಕಿಲೋಮೀಟರ್ ವೇಗದ ಚಳಿಗಾಳಿ ಬೀಸುತ್ತಿತ್ತು. ಮೊದಲ ಹಾರಾಟ 12 ಸೆಕೆಂಡಿನದು, ಸಾಗಿದ ದೂರ 120 ಅಡಿ. ನೆಲದ ಲೆಕ್ಕದಲ್ಲಿ ಸೆಕೆಂಡಿಗೆ 10 ಅಡಿ, ಮನುಷ್ಯ ನಿಧಾನವಾಗಿ ಓಡುವಷ್ಟು. ಆದರೆ ಎದುರುಗಾಳಿ ಸೇರಿದ್ದರಿಂದ ರೆಕ್ಕೆಯ ಸುತ್ತ ಹರಿದ ಗಾಳಿಯ ವೇಗ ಅದರ ನಾಲ್ಕು ಪಟ್ಟು ಅಥವಾ ಇನ್ನೂ ಹೆಚ್ಚು ಇತ್ತು. ವಿಮಾನವನ್ನು ಎತ್ತಿದ್ದು ಆ ವೇಗ. ನೆಲದ ವೇಗ ಬೇರೆ, ಗಾಳಿಯ ವೇಗ ಬೇರೆ ಎಂಬ ಈ ಪಾಠ ಪೈಲಟ್ ತರಬೇತಿಯ ಮೊದಲ ಅಧ್ಯಾಯದಲ್ಲಿ ಇಂದಿಗೂ ಇದೆ. ಯಾವ ವಿಮಾನ ನಿಲ್ದಾಣದಲ್ಲೇ ಆಗಲಿ, ಸಾಧ್ಯವಾದಷ್ಟೂ ಗಾಳಿಗೆ ಎದುರಾಗಿಯೇ ಏರುವುದು, ಇಳಿಯುವುದು ಇದೇ ಕಾರಣಕ್ಕೆ. ಅದೇ ದಿನ ನಾಲ್ಕನೆಯ ಹಾರಾಟ 59 ಸೆಕೆಂಡುಗಳಲ್ಲಿ 852 ಅಡಿ ಸಾಗಿತು. ಅದಾದ ಮೇಲೆ ನೆಲದ ಮೇಲೆ ನಿಂತಿದ್ದ ವಿಮಾನವನ್ನು ಬಿರುಸಾದ ಗಾಳಿಯೊಂದು ಉರುಳಿಸಿ ಮುರಿದುಹಾಕಿತು. ಆ ವಿಮಾನ ಮತ್ತೆ ಹಾರಲಿಲ್ಲ.

ನಾವಿಕರಿಂದ ಬಂದ ಬಳುವಳಿ

ರೈಟ್ ಸೋದರರ ಕಾಲಕ್ಕೆ ಹವಾಮಾನದ ವಿದ್ಯೆ ಹೊಸದೇನೂ ಆಗಿರಲಿಲ್ಲ, ಆದರೆ ಅದು ನೆಲದವರ ಮತ್ತು ಹಡಗಿನವರ ವಿದ್ಯೆಯಾಗಿತ್ತು. ಮೋಡಗಳನ್ನು ಸಿರಸ್, ಕ್ಯುಮುಲಸ್, ಸ್ಟ್ರಾಟಸ್ ಎಂದು ವಿಂಗಡಿಸಿದವರು ಲಂಡನ್ನಿನ ಲ್ಯೂಕ್ ಹವರ್ಡ್, 1802ರಲ್ಲಿ. ಅದೇ ಹೆಸರುಗಳನ್ನು ಪೈಲಟ್‌ಗಳು ಇಂದಿಗೂ ಬಳಸುತ್ತಾರೆ. 1854ರ ನವೆಂಬರ್‌ನಲ್ಲಿ ಕಪ್ಪು ಸಮುದ್ರದ ಬಿರುಗಾಳಿಯೊಂದು ಕ್ರಿಮಿಯಾ ಯುದ್ಧದ ಹಡಗುಗಳನ್ನು ಮುಳುಗಿಸಿತು. ಆ ಬಿರುಗಾಳಿ ಯೂರೋಪನ್ನು ಹಾದು ಬಂದದ್ದನ್ನು ಆಮೇಲೆ ಗುರುತಿಸಲಾಯಿತು. ತಂತಿ ಸುದ್ದಿ ಮೊದಲೇ ತಲುಪಿದ್ದರೆ ಹಡಗುಗಳು ಉಳಿಯುತ್ತಿದ್ದವು ಎಂಬುದು ಎಲ್ಲರಿಗೂ ಅರಿವಾಯಿತು. 1861ರಲ್ಲಿ ಬ್ರಿಟನ್ನಿನ ರಾಬರ್ಟ್ ಫಿಟ್ಸ್‌ರಾಯ್ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕಳಿಸಲು ಆರಂಭಿಸಿದರು. ಭಾರತದಲ್ಲಿ 1864ರಲ್ಲಿ ಕಲ್ಕತ್ತಾವನ್ನು ಬಡಿದ ಚಂಡಮಾರುತ ಮತ್ತು ಆಮೇಲಿನ ಬರಗಾಲಗಳ ಬಿಸಿ ತಟ್ಟಿದ ಸರ್ಕಾರ 1875ರಲ್ಲಿ ಭಾರತೀಯ ಹವಾಮಾನ ಇಲಾಖೆಯನ್ನು ಸ್ಥಾಪಿಸಿತು.

ಮೇಲಿನ ಗಾಳಿಯ ಮೊದಲ ಸುದ್ದಿ ತಂದವರು ಬಲೂನಿನಲ್ಲಿ ಹೋದವರು. 1783ರ ಡಿಸೆಂಬರ್ 1ರಂದು ಪ್ಯಾರಿಸ್ಸಿನಿಂದ ಜಲಜನಕದ ಬಲೂನಿನಲ್ಲಿ ಏರಿದ ಜಾಕ್ ಶಾರ್ಲ್ ತಮ್ಮೊಂದಿಗೆ ವಾಯುಭಾರಮಾಪಕ ಮತ್ತು ಉಷ್ಣಮಾಪಕ ಒಯ್ದಿದ್ದರು. 1862ರ ಸೆಪ್ಟೆಂಬರ್ 5ರಂದು ಇಂಗ್ಲೆಂಡಿನ ಜೇಮ್ಸ್ ಗ್ಲೇಷರ್ ಮತ್ತು ಹೆನ್ರಿ ಕಾಕ್ಸ್‌ವೆಲ್ 8 ಕಿಲೋಮೀಟರ್ ದಾಟಿ ಏರಿದಾಗ ಗ್ಲೇಷರ್ ಪ್ರಜ್ಞೆ ತಪ್ಪಿದರು. ಚಳಿಗೆ ಕೈ ಮರಗಟ್ಟಿದ್ದ ಕಾಕ್ಸ್‌ವೆಲ್ ಅನಿಲದ ಕವಾಟದ ಹಗ್ಗವನ್ನು ಹಲ್ಲಿನಿಂದ ಎಳೆದು ಬಲೂನನ್ನು ಇಳಿಸಿದರು. ಮೇಲೆ ಹೋದಂತೆ ಒತ್ತಡ ಇಳಿಯುತ್ತದೆ, ಚಳಿ ಏರುತ್ತದೆ, ಉಸಿರಿಗೆ ಗಾಳಿ ಸಾಲದು ಎಂಬುದು ಹೀಗೆ ಮೈಮೇಲೆ ಎಳೆದುಕೊಂಡ ಅನುಭವದಿಂದ ಮನದಟ್ಟಾಯಿತು.

ವಿಮಾನದ ಎತ್ತರ ತೋರಿಸುವ ಆಲ್ಟಿಮೀಟರ್ ಈ ಹಳೆಯ ವಾಯುಭಾರಮಾಪಕದ ವಂಶದ್ದೇ. ಅದು ಅಳೆಯುವುದು ಒತ್ತಡವನ್ನು, ತೋರಿಸುವುದು ಎತ್ತರವನ್ನು. ನೆಲದ ಹತ್ತಿರ ಒಂದು ಹೆಕ್ಟೊಪ್ಯಾಸ್ಕಲ್ ಒತ್ತಡ ಎಂದರೆ ಸುಮಾರು 28 ಅಡಿ ಎತ್ತರ. ಹೊರಟ ಊರಿಗಿಂತ ಇಳಿಯುವ ಊರಿನಲ್ಲಿ ಒತ್ತಡ 10 ಹೆಕ್ಟೊಪ್ಯಾಸ್ಕಲ್ ಕಡಿಮೆ ಇದ್ದು, ಪೈಲಟ್ ಮಾಪಕವನ್ನು ಸರಿಹೊಂದಿಸದಿದ್ದರೆ, ವಿಮಾನ ಮುಳ್ಳು ತೋರಿಸುವುದಕ್ಕಿಂತ ಸುಮಾರು 280 ಅಡಿ ಕೆಳಗೆ ಇರುತ್ತದೆ. ಮೋಡ ಮುಸುಕಿದ ಗುಡ್ಡದ ಬಳಿ ಇಷ್ಟು ವ್ಯತ್ಯಾಸ ಸಾಕು ಪ್ರಾಣ ಹೋಗಲು. ಇಳಿಯುವ ಮುನ್ನ ಪ್ರತಿ ಪೈಲಟ್‌ಗೂ ನೆಲದಿಂದ ಒತ್ತಡದ ಅಂಕಿ ಹೇಳುವ ಪದ್ಧತಿ ಬಂದದ್ದು ಇದಕ್ಕಾಗಿ.

ಅಂಚೆ ಹೊತ್ತವರ ರಾತ್ರಿಗಳು

ಹವಾಮಾನವನ್ನು ಲೆಕ್ಕಿಸದೆ ದಿನವೂ ಹಾರಲೇಬೇಕೆಂಬ ಒತ್ತಾಯ ಮೊದಲು ಬಂದದ್ದು ಅಂಚೆ ವಿಮಾನಗಳಿಗೆ. ಅಮೆರಿಕದಲ್ಲಿ 1918ರ ಮೇ 15ರಂದು ಅಂಚೆ ವಿಮಾನ ಸೇವೆ ಆರಂಭವಾಯಿತು. ತೆರೆದ ಕಾಕ್‌ಪಿಟ್, ರೇಡಿಯೊ ಇಲ್ಲ. ಮಂಜು ಕವಿದರೆ ರೈಲು ಹಳಿಯನ್ನು ನೋಡಿಕೊಂಡು ಮರದೆತ್ತರದಲ್ಲಿ ಹೋಗಬೇಕಿತ್ತು. ಹಲವು ಪೈಲಟ್‌ಗಳು ಸತ್ತರು.

1921ರ ಫೆಬ್ರವರಿ 22ರ ರಾತ್ರಿ ಈ ಸೇವೆಯ ಅಳಿವು ಉಳಿವು ತೀರ್ಮಾನವಾಗುವ ಪ್ರಯೋಗ ನಡೆಯಿತು. ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಹಗಲೂ ರಾತ್ರಿ ಎಡೆಬಿಡದೆ ಅಂಚೆ ಸಾಗಿಸುವುದು. ಜ್ಯಾಕ್ ನೈಟ್ ಎಂಬ ಪೈಲಟ್ ನಾರ್ತ್ ಪ್ಲ್ಯಾಟ್‌ನಿಂದ ಒಮಾಹಾಕ್ಕೆ ಬಂದಿಳಿದಾಗ ಮುಂದಿನ ಪೈಲಟ್ ಕೆಟ್ಟ ಹವೆಯಿಂದಾಗಿ ಅಲ್ಲಿಗೆ ಬಂದಿರಲೇ ಇಲ್ಲ. ನೈಟ್ ತಾವೇ ಮುಂದೆ ಹೊರಟರು. ಒಮಾಹಾದಿಂದ ಶಿಕಾಗೊಗೆ ಅವರು ಎಂದೂ ಹಾರಿರಲಿಲ್ಲ. ಕೈಯಲ್ಲಿದ್ದದ್ದು ರಸ್ತೆ ನಕ್ಷೆ. ದಾರಿಯ ಊರುಗಳವರು ನಡುರಾತ್ರಿ ಬೆಂಕಿ ಹಚ್ಚಿ ಗುರುತು ತೋರಿಸಿದರು. ಹಿಮ ಸುರಿಯುತ್ತಿದ್ದಾಗ ಅಯೋವಾ ಸಿಟಿಯ ಮೈದಾನದಲ್ಲಿ ಕಾವಲುಗಾರ ಒಬ್ಬನೇ ದೊಂದಿ ಉರಿಸಿ ಅವರನ್ನು ಇಳಿಸಿಕೊಂಡ. ಬೆಳಿಗ್ಗೆ ನೈಟ್ ಶಿಕಾಗೊ ತಲುಪಿದರು, ಅಂಚೆ ಮುಂದಿನ ವಿಮಾನ ಹತ್ತಿತು.

ಒಬ್ಬನ ಧೈರ್ಯದ ಮೇಲೆ ಸೇವೆ ನಡೆಸಲಾಗದು ಎಂಬುದೂ ಆ ರಾತ್ರಿಯೇ ಸ್ಪಷ್ಟವಾಯಿತು. ಮುಂದೆ ವಿಮಾನ ಮಾರ್ಗದುದ್ದಕ್ಕೂ ದೀಪಸ್ತಂಭಗಳು ಎದ್ದವು. 1926ರ ಕಾನೂನೊಂದು ವಿಮಾನ ಮಾರ್ಗಗಳಿಗೆ ಹವಾಮಾನ ವರದಿ ಒದಗಿಸುವ ಹೊಣೆಯನ್ನು ಅಮೆರಿಕದ ಹವಾಮಾನ ಇಲಾಖೆಗೆ ವಹಿಸಿತು. ದಾರಿಯ ಠಾಣೆಗಳಿಂದ ಮೋಡದ ಎತ್ತರ, ಕಣ್ಣಿಗೆ ಕಾಣುವ ದೂರ, ಗಾಳಿಯ ದಿಕ್ಕು ಹೊತ್ತುಹೊತ್ತಿಗೆ ಟೆಲಿಪ್ರಿಂಟರಿನಲ್ಲಿ ಬರತೊಡಗಿದವು.

ಮೋಡದೊಳಗೆ ಮೈ ಹೇಳುವ ಸುಳ್ಳು

ವರದಿ ಎಷ್ಟೇ ಚೆನ್ನಾಗಿದ್ದರೂ ಮೋಡದೊಳಗೆ ಹೊಕ್ಕ ಪೈಲಟ್‌ಗೆ ಇನ್ನೊಂದು ಗಂಡಾಂತರ ಕಾದಿರುತ್ತಿತ್ತು. ದಿಗಂತ ಮರೆಯಾದ ಮೇಲೆ ಒಳಗಿವಿ ಕೊಡುವ ಸೂಚನೆಯನ್ನು ನಂಬುವಂತಿಲ್ಲ. ವಿಮಾನ ಮೆಲ್ಲಗೆ ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಕಿವಿಯೊಳಗಿನ ದ್ರವವೂ ಅದರ ಜೊತೆಗೇ ತಿರುಗತೊಡಗುತ್ತದೆ, ತಿರುಗುತ್ತಿರುವ ಅರಿವೇ ಹೊರಟುಹೋಗುತ್ತದೆ. ನೇರ ಹೋಗುತ್ತಿದ್ದೇನೆ ಎಂದುಕೊಂಡ ಪೈಲಟ್ ಸುರುಳಿ ಸುತ್ತುತ್ತ ನೆಲಕ್ಕೆ ಬರುತ್ತಾರೆ. 1919ರ ಜೂನ್‌ನಲ್ಲಿ ಅಟ್ಲಾಂಟಿಕ್ ದಾಟಿದ ಅಲ್ಕಾಕ್ ಮತ್ತು ಬ್ರೌನ್ ಮೋಡದೊಳಗೆ ಹೀಗೇ ಹತೋಟಿ ತಪ್ಪಿ, ಮೋಡದಿಂದ ಹೊರಬೀಳುವಾಗ ಸಮುದ್ರಕ್ಕೆ ತೀರ ಹತ್ತಿರವಾಗಿದ್ದರು.

ಈ ಗುಟ್ಟು ಹೊರಬಿದ್ದದ್ದು ಒಂದು ಕುರ್ಚಿಯ ಮೇಲೆ. 1926ರಲ್ಲಿ ಅಮೆರಿಕದ ಸೇನಾ ಪೈಲಟ್ ವಿಲಿಯಂ ಆಕರ್ ಅವರನ್ನು ವೈದ್ಯರೊಬ್ಬರು ಕಣ್ಣು ಮುಚ್ಚಿಸಿ, ತಿರುಗುವ ಕುರ್ಚಿಯಲ್ಲಿ ಕೂರಿಸಿ ಪರೀಕ್ಷಿಸಿದರು. ಕುರ್ಚಿ ನಿಂತ ಮೇಲೂ ಆಕರ್ ಅವರಿಗೆ ತಾವು ಎದುರು ದಿಕ್ಕಿಗೆ ತಿರುಗುತ್ತಿರುವಂತೆ ಭಾಸವಾಯಿತು. ಮುಂದಿನ ಸಲ ಅವರು ಒಂದು ಡಬ್ಬಿಯೊಳಗೆ ತಿರುವು ತೋರಿಸುವ ಉಪಕರಣ ಇಟ್ಟುಕೊಂಡು ಬಂದು, ಅದನ್ನಷ್ಟೇ ನೋಡುತ್ತ ಪ್ರತಿ ಪ್ರಶ್ನೆಗೂ ಸರಿಯುತ್ತರ ಕೊಟ್ಟರು. ಮೈ ಹೇಳಿದ್ದನ್ನು ಬಿಟ್ಟು ಮುಳ್ಳು ಹೇಳಿದ್ದನ್ನು ನಂಬುವ ಅಭ್ಯಾಸ ಅಲ್ಲಿಂದ ಬೆಳೆಯಿತು. 1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ ಜಿಮ್ಮಿ ಡೂಲಿಟಲ್ ತಮ್ಮ ಕಾಕ್‌ಪಿಟ್ಟಿಗೆ ಪೂರ್ತಿ ಮುಸುಕು ಹಾಕಿಸಿಕೊಂಡು ಏರಿ, ಸುತ್ತು ಹೊಡೆದು, 15 ನಿಮಿಷದಲ್ಲಿ ಇಳಿದರು. ಗೈರೊಸ್ಕೋಪಿನ ಬಲದಿಂದ ನಡೆಯುವ ಕೃತಕ ದಿಗಂತ, ಪಾಲ್ ಕೋಲ್ಸ್‌ಮನ್ ರೂಪಿಸಿದ ಸೂಕ್ಷ್ಮ ಆಲ್ಟಿಮೀಟರ್, ರೇಡಿಯೊ ಸಂಕೇತ, ಇವಿಷ್ಟೇ ಅವರ ಕಣ್ಣು. ಏನಾದರೂ ತಪ್ಪಿದರೆ ಇರಲೆಂದು ಮುಂದಿನ ಆಸನದಲ್ಲಿ ಇನ್ನೊಬ್ಬ ಪೈಲಟ್ ಕುಳಿತಿದ್ದರು. ಮೋಡ ಅಂದಿನಿಂದ ಗೋಡೆಯಾಗಿ ಉಳಿಯಲಿಲ್ಲ.

ಫ್ರಂಟ್ ಮತ್ತು ಬಲೂನು

ಅದೇ ಕಾಲಕ್ಕೆ ನಕ್ಷೆಯನ್ನು ಓದುವ ರೀತಿಯೂ ಬದಲಾಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ನಾರ್ವೆಗೆ ಹೊರದೇಶಗಳ ಹವಾಮಾನ ಸುದ್ದಿ ನಿಂತುಹೋಯಿತು. ಬೆರ್ಗೆನ್ ನಗರದಲ್ಲಿದ್ದ ವಿಲ್‌ಹೆಲ್ಮ್ ಬ್ಯರ್ಕ್ನೆಸ್ ಮತ್ತು ಅವರ ಮಗ ಯಾಕೋಬ್ ಇದಕ್ಕೆ ಪರಿಹಾರವಾಗಿ ಪಶ್ಚಿಮ ಕರಾವಳಿಯಲ್ಲಿ ಒತ್ತೊತ್ತಾಗಿ ವೀಕ್ಷಣಾ ಠಾಣೆಗಳನ್ನು ಹೂಡಿದರು. ಅಷ್ಟು ಹತ್ತಿರದ ವರದಿಗಳನ್ನು ನಕ್ಷೆಯ ಮೇಲಿಟ್ಟಾಗ ಹೊಸದೊಂದು ಕಂಡಿತು: ಬೆಚ್ಚನೆಯ ಗಾಳಿರಾಶಿಯೂ ತಣ್ಣನೆಯ ಗಾಳಿರಾಶಿಯೂ ಬೆರೆಯದೆ, ಒಂದು ತೆಳ್ಳನೆಯ ಗಡಿಯಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಮಳೆ, ತಗ್ಗಿದ ಮೋಡ, ದಿಕ್ಕು ಬದಲಿಸುವ ಗಾಳಿ ಎಲ್ಲ ಆ ಗಡಿಯಲ್ಲಿ. ಯುದ್ಧರಂಗದ ಮಾತನ್ನೇ ತೆಗೆದುಕೊಂಡು ಅದಕ್ಕೆ ಫ್ರಂಟ್ ಎಂದು ಹೆಸರಿಟ್ಟರು. ಯೂರೋಪಿನ ಪೈಲಟ್‌ಗೆ ಇದು ದೊಡ್ಡ ವರವಾಯಿತು. ಫ್ರಂಟ್ ಎಲ್ಲಿದೆ, ಯಾವ ಕಡೆ ಸರಿಯುತ್ತಿದೆ ಎಂದು ತಿಳಿದರೆ ದಾರಿಯ ಹವೆ ಅರ್ಧ ತಿಳಿದಂತೆ.

ಮೇಲಿನ ಗಾಳಿಯನ್ನು ಅಳೆಯಲು ಆಗ ಇದ್ದದ್ದು ಪೈಲಟ್ ಬಲೂನು ಎಂಬ ಚಿಕ್ಕ ಜಲಜನಕದ ಬಲೂನು. ಗೊತ್ತಾದ ವೇಗದಲ್ಲಿ ಮೇಲೇರುವ ಅದನ್ನು ವೀಕ್ಷಕ ಥಿಯೊಡೊಲೈಟ್ ದೂರದರ್ಶಕದಲ್ಲಿ ಹಿಂಬಾಲಿಸುತ್ತಾನೆ, ನಿಮಿಷಕ್ಕೊಮ್ಮೆ ಅದರ ಕೋನ ಬರೆದುಕೊಳ್ಳುತ್ತಾನೆ. ಆ ಕೋನಗಳಿಂದ ಪ್ರತಿ ಎತ್ತರದ ಗಾಳಿಯನ್ನು ಲೆಕ್ಕ ಹಾಕುತ್ತಾನೆ. ಭಾರತದಲ್ಲಿ ಆಗ್ರಾದ ವೀಕ್ಷಣಾಲಯ ಈ ಕೆಲಸದ ಮುಖ್ಯ ಕೇಂದ್ರವಾಗಿತ್ತು. ಬಲೂನು ಮೋಡದೊಳಗೆ ಹೊಕ್ಕರೆ ಲೆಕ್ಕ ಅಲ್ಲಿಗೆ ಮುಗಿಯಿತು. ಗಾಳಿಯ ಸುದ್ದಿ ಪೈಲಟ್‌ಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವ ಮುಂಗಾರಿನಲ್ಲೇ ಈ ಬಲೂನು ಕಣ್ಮರೆಯಾಗುತ್ತಿತ್ತು.

ಈ ಕೊರತೆ ನೀಗುವ ದಾರಿ ತೆರೆದದ್ದು ರೇಡಿಯೋಸಾಂಡ್. 1929ರಲ್ಲಿ ಫ್ರಾನ್ಸಿನ ರಾಬರ್ ಬ್ಯೂರೊ, 1930ರ ಜನವರಿ 30ರಂದು ರಷ್ಯಾದ ಪಾವೆಲ್ ಮೊಲ್ಚಾನೊವ್ ಒತ್ತಡ, ಉಷ್ಣತೆಗಳನ್ನು ರೇಡಿಯೊ ಮೂಲಕ ಕೆಳಗೆ ತಿಳಿಸುವ ಉಪಕರಣವನ್ನು ಬಲೂನಿಗೆ ಕಟ್ಟಿ ಹಾರಿಸಿದರು. ಇಂದು ಜಗತ್ತಿನಾದ್ಯಂತ ನೂರಾರು ಠಾಣೆಗಳು ದಿನಕ್ಕೆರಡು ಬಾರಿ, ಭಾರತದ ಗಡಿಯಾರದಲ್ಲಿ ಬೆಳಿಗ್ಗೆ 5.30 ಮತ್ತು ಸಂಜೆ 5.30ರ ಅಳತೆಗಾಗಿ, ಇಂಥ ಬಲೂನು ಬಿಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದ ಅನ್ನಾ ಮಾಣಿ 1948ರಲ್ಲಿ ಹವಾಮಾನ ಇಲಾಖೆ ಸೇರಿ, ಹೊರದೇಶದಿಂದ ತರಿಸುತ್ತಿದ್ದ ಹವಾಮಾನ ಉಪಕರಣಗಳನ್ನು ಇಲ್ಲಿಯೇ ತಯಾರಿಸುವ ಕೆಲಸದ ನೇತೃತ್ವ ವಹಿಸಿದರು.

ಮುಂಗಾರು ಮತ್ತು ಸಹ್ಯಾದ್ರಿ

ಭಾರತದ ಅಂಚೆ ವಿಮಾನಗಳ ಪಾಠಶಾಲೆ ಮುಂಗಾರು. 1911ರ ಫೆಬ್ರವರಿ 18ರಂದು ಹೆನ್ರಿ ಪೆಕೆ ಅಲಹಾಬಾದಿನಿಂದ ನೈನಿಗೆ ಸುಮಾರು 6,500 ಪತ್ರಗಳನ್ನು ಹೊತ್ತು ಯಮುನೆಯ ಮೇಲೆ ಹಾರಿದ್ದು ಹಿತವಾದ ಹವೆಯ ತಿಂಗಳಲ್ಲಿ. ನಿಜವಾದ ಪರೀಕ್ಷೆ ಎದುರಾದದ್ದು 1932ರಲ್ಲಿ ಆರಂಭವಾದ ಸೇವೆಗೆ. ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಪುಸ್ ಮಾತ್ ಎಂಬ ಒಂದೇ ಎಂಜಿನ್ನಿನ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೂಲಕ ಬೊಂಬಾಯಿಗೆ ಅಂಚೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಬಳ್ಳಾರಿಯಲ್ಲಿ ತಂಗಿ ಮದರಾಸಿಗೆ ಒಯ್ದರು. ವಿಮಾನದಲ್ಲಿ ರೇಡಿಯೊ ಇರಲಿಲ್ಲ. ಬೊಂಬಾಯಿಯ ನಿಲ್ದಾಣವೆಂದರೆ ಜುಹು ಕಡಲತೀರದ ಮಣ್ಣಿನ ಬಯಲು; ಮಳೆಗಾಲದಲ್ಲಿ ಅದು ನೀರಲ್ಲಿ ಮುಳುಗಿದಾಗ ಸೇವೆಯನ್ನು ಪುಣೆಗೆ ಸರಿಸಬೇಕಾಗುತ್ತಿತ್ತು.

ಈ ಮಾರ್ಗದ ಕಷ್ಟ ಸಹ್ಯಾದ್ರಿಯಲ್ಲಿತ್ತು. ಅರಬ್ಬೀ ಸಮುದ್ರದ ತೇವ ಹೊತ್ತ ನೈರುತ್ಯ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುತ್ತದೆ. ಏರಿದಂತೆ ತಣಿಯುತ್ತದೆ, ತಣಿದಂತೆ ಮೋಡವಾಗಿ ಸುರಿಯುತ್ತದೆ. ಮೋಡ ಘಟ್ಟದ ನೆತ್ತಿಯ ಮೇಲೆಯೇ ಕೂತಿರುವುದರಿಂದ ಅದರ ಅಡಿಯಲ್ಲಿ ನುಸುಳಲು ಜಾಗವಿರುವುದಿಲ್ಲ. ಘಟ್ಟ ದಾಟಿ ಪೂರ್ವಕ್ಕೆ ಇಳಿದ ಗಾಳಿ ಬೆಚ್ಚಗಾಗಿ ಮೋಡ ಚದುರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ ಮಳೆನೆರಳಿನ ಬಳ್ಳಾರಿಯಲ್ಲಿ ಬೀಳುವುದು 500 ಮಿಲಿಮೀಟರಿನ ಆಸುಪಾಸು. ಬೊಂಬಾಯಿ ಕಡೆಯಿಂದ ಘಟ್ಟ ದಾಟಿ ಬರುವ ಪೈಲಟ್‌ಗೆ ಬಳ್ಳಾರಿ ಒಳ್ಳೆಯ ತಂಗುದಾಣವಾದದ್ದು ಸಹಜ. ಮೊದಲ ವರ್ಷದ ಮುಂಗಾರಿನಲ್ಲೂ ಈ ಸೇವೆ ಒಮ್ಮೆಯೂ ತಡವಾಗಲಿಲ್ಲವೆಂದು ಸರ್ಕಾರದ ನಾಗರಿಕ ವಿಮಾನಯಾನ ವರದಿ ದಾಖಲಿಸಿತು.

ನಾರ್ವೆಯ ಫ್ರಂಟ್ ಸಿದ್ಧಾಂತ ದಕ್ಷಿಣ ಭಾರತದ ಪೈಲಟ್‌ಗೆ ಹೆಚ್ಚು ಒದಗಲಿಲ್ಲ. ಇಲ್ಲಿನ ಮಳೆ ಹುಟ್ಟುವುದು ಬಿಸಿ ಮತ್ತು ತಂಪು ಗಾಳಿಯ ಗಡಿಯಲ್ಲಲ್ಲ. ಬೆಟ್ಟ, ಕಡಲು, ಕಾದ ನೆಲ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಇವುಗಳಿಂದ. ಉಷ್ಣವಲಯದ ಹವಾಮಾನವನ್ನು ಅದರದೇ ನಿಯಮದಲ್ಲಿ ಓದಬೇಕಾಯಿತು.

ಎತ್ತರದ ಹೊಳೆಗಳು

ವಿಮಾನಗಳು 9 ಕಿಲೋಮೀಟರ್ ಎತ್ತರ ಮುಟ್ಟಿದಾಗ ಯಾರೂ ಎಣಿಸದ ಗಾಳಿ ಎದುರಾಯಿತು. ಜಪಾನಿನ ವಾಸಾಬುರೊ ಓಯಿಶಿ 1920ರ ದಶಕದಲ್ಲೇ ತಾತೆನೊ ವೀಕ್ಷಣಾಲಯದಿಂದ ಬಲೂನು ಬಿಟ್ಟು, ಚಳಿಗಾಲದಲ್ಲಿ ಬಹು ಎತ್ತರದಲ್ಲಿ ಅತಿ ವೇಗದ ಪಡುವಣ ಗಾಳಿ ಹರಿಯುತ್ತದೆಂದು ಕಂಡಿದ್ದರು. ಜಗತ್ತಿಗೆಲ್ಲ ತಿಳಿಯಲೆಂದು 1926ರಲ್ಲಿ ಅದನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು, ಓದಿದವರು ಕಡಿಮೆ. 1944ರ ಕೊನೆಯಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಿ-29 ಬಾಂಬರ್‌ಗಳು ಗಂಟೆಗೆ 200 ಕಿಲೋಮೀಟರ್ ಮೀರಿದ ಗಾಳಿಗೆ ಸಿಕ್ಕಿದಾಗ ಆ ಗಾಳಿಯ ಬಲ ಎಲ್ಲರಿಗೂ ಗೊತ್ತಾಯಿತು. ಅದಕ್ಕೆ ಜೆಟ್ ಸ್ಟ್ರೀಮ್ ಎಂಬ ಹೆಸರು ನಿಂತಿತು.

ತಿಳಿಯದೆ ಅದರಲ್ಲಿ ಸಿಕ್ಕವರ ಕಥೆ ಸ್ಟಾರ್ ಡಸ್ಟ್ ವಿಮಾನದ್ದು. 1947ರ ಆಗಸ್ಟ್ 2ರಂದು ಬ್ಯೂನಸ್ ಐರಿಸ್‌ನಿಂದ ಆಂಡೀಸ್ ಪರ್ವತ ದಾಟಿ ಸ್ಯಾಂಟಿಯಾಗೊಗೆ ಹೊರಟ ಆ ವಿಮಾನದಲ್ಲಿ 11 ಜನರಿದ್ದರು. ಕೆಳಗೆಲ್ಲ ಮೋಡ, ನೆಲ ಕಾಣದು. ಗಡಿಯಾರ ಮತ್ತು ವೇಗದ ಲೆಕ್ಕದಿಂದ ಪರ್ವತ ದಾಟಿಯಾಯಿತೆಂದು ನಂಬಿ, ಇನ್ನೇನು ಇಳಿಯುತ್ತೇವೆ ಎಂದು ರೇಡಿಯೊದಲ್ಲಿ ತಿಳಿಸಿ ಕೆಳಗಿಳಿದರು. ಆಮೇಲೆ ಸದ್ದಿಲ್ಲ. ಅರ್ಧ ಶತಮಾನದ ಬಳಿಕ ಟುಪುಂಗಾಟೊ ಪರ್ವತದ ಹಿಮನದಿಯಿಂದ ಅವಶೇಷ ಹೊರಬಂದಾಗ ಕಾರಣ ತಿಳಿಯಿತು: ಎದುರಿನಿಂದ ಬೀಸುತ್ತಿದ್ದ ಜೆಟ್ ಸ್ಟ್ರೀಮ್ ವಿಮಾನವನ್ನು ಹಿಂದೆ ಹಿಡಿದಿತ್ತು; ದಾಟಿಯಾಯಿತೆಂದುಕೊಂಡ ಪರ್ವತ ಇನ್ನೂ ಮುಂದೆಯೇ ಇತ್ತು.

ಭಾರತದ ಪಾಲಿನ ಶೋಧ 1958ರದು. ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ, 14 ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಇಂಥದೇ ಒಂದು ವೇಗದ ಪ್ರವಾಹ ಹರಿಯುತ್ತದೆ ಎಂದು ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ ವಿವರಿಸಿದರು. ಕೆಳಗೆ ಕಡಲಿನಿಂದ ನೈರುತ್ಯ ಗಾಳಿ, ಮೇಲೆ ಅದಕ್ಕೆ ವಿರುದ್ಧವಾದ ಪೂರ್ವದ ಗಾಳಿ. ಇಂದು ದೂರದ ಹಾರಾಟಗಳು ಹಿಂಬದಿಯ ಜೆಟ್ ಸ್ಟ್ರೀಮ್ ಹಿಡಿದು ಸಮಯ, ಇಂಧನ ಉಳಿಸುತ್ತವೆ, ಎದುರಿನದನ್ನು ತಪ್ಪಿಸಿ ದಾರಿ ಬದಲಿಸುತ್ತವೆ. ಅದರ ಅಂಚುಗಳಲ್ಲಿ ಮೋಡವೇ ಇಲ್ಲದೆಯೂ ವಿಮಾನ ಕುಲುಕುವುದುಂಟು. ಪ್ರಯಾಣಿಕರು ಆಸನಪಟ್ಟಿ ಕಟ್ಟಿಕೊಂಡೇ ಇರಬೇಕೆನ್ನುವುದಕ್ಕೆ ಅದೊಂದು ಕಾರಣ.

ಗುಡುಗು ಮೋಡದ ಒಳಗು

ಗುಡುಗು ಮೋಡವನ್ನು ಪೈಲಟ್‌ಗಳು ಮೊದಲಿನಿಂದಲೂ ದೂರವಿಡುತ್ತಿದ್ದರು. ಒಳಗೆ ನಡೆಯುವುದೇನೆಂದು ಮಾತ್ರ ತಿಳಿದಿರಲಿಲ್ಲ. 1946ರಲ್ಲಿ ಫ್ಲೋರಿಡಾದಲ್ಲಿ, 1947ರಲ್ಲಿ ಒಹಾಯೊದಲ್ಲಿ ಹೊರೇಸ್ ಬೈಯರ್ಸ್ ನೇತೃತ್ವದ ತಂಡ ಅದನ್ನು ನೇರವಾಗಿ ನೋಡಲು ಹೊರಟಿತು. ಎರಡನೆಯ ಮಹಾಯುದ್ಧದಿಂದ ಉಳಿದ ಗಟ್ಟಿಮುಟ್ಟಾದ ಪಿ-61 ವಿಮಾನಗಳು 5,000 ಅಡಿಯಿಂದ 25,000 ಅಡಿಯವರೆಗೆ ಐದು ಅಂತಸ್ತುಗಳಲ್ಲಿ ಒಂದೇ ಮೋಡದೊಳಗೆ ನುಗ್ಗಿದವು. ಒಟ್ಟು 1,363 ಬಾರಿ ಹೀಗೆ ಹಾದುಹೋದರು.

ಅವರು ತಂದ ಅಳತೆಗಳಿಂದ ಗುಡುಗು ಮೋಡದ ಬಾಳಿಗೆ ಮೂರು ಹಂತಗಳಿವೆ ಎಂದು ತಿಳಿಯಿತು. ಮೊದಲು ಬಿಸಿ, ತೇವದ ಗಾಳಿ ಬರಿದೇ ಮೇಲೇರುತ್ತದೆ, ಮೋಡ ಹೂಕೋಸಿನಂತೆ ಉಬ್ಬುತ್ತದೆ. ಎರಡನೆಯ ಹಂತದಲ್ಲಿ ಮಳೆಹನಿ, ಆಲಿಕಲ್ಲು ಬೀಳತೊಡಗಿ ತಮ್ಮೊಂದಿಗೆ ತಣ್ಣನೆಯ ಗಾಳಿಯನ್ನು ಕೆಳಗೆಳೆಯುತ್ತವೆ. ಏರುವ ಗಾಳಿಯೂ ಇಳಿಯುವ ಗಾಳಿಯೂ ಪಕ್ಕಪಕ್ಕದಲ್ಲೇ ಇರುತ್ತವೆ. ವಿಮಾನಕ್ಕೆ ಅತಿ ಕೆಟ್ಟ ಹೊತ್ತು ಇದು. ಮೂರನೆಯದರಲ್ಲಿ ಬರೀ ಇಳಿಗಾಳಿ ಉಳಿದು ಮೋಡ ಸೋರಿ ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬೆಂಗಳೂರಿನ ಮೇಲೆ ಎದ್ದು, ಸಂಜೆ ಮರ ಉರುಳಿಸಿ, ರಾತ್ರಿಯೊಳಗೆ ತಣ್ಣಗಾಗುವ ಮೋಡಗಳಲ್ಲೂ ಇದೇ ಮೂರು ಹಂತಗಳನ್ನು ಕಾಣಬಹುದು.

ಯುದ್ಧಕಾಲದ ರೇಡಾರಿನ ಪರದೆಯಲ್ಲಿ ಮಳೆ ಬೇಡದ ಚುಕ್ಕೆಗಳಾಗಿ ಕಾಣುತ್ತಿತ್ತು. 1950ರ ದಶಕದಲ್ಲಿ ಅದನ್ನೇ ಗುರಿಯಾಗಿಸಿದ ರೇಡಾರ್ ಪ್ರಯಾಣಿಕ ವಿಮಾನಗಳ ಮೂಗಿನೊಳಗೆ ಬಂದು ಕೂತಿತು. ರಾತ್ರಿಯಲ್ಲೂ ಮೋಡದ ಗರ್ಭ ಎಲ್ಲಿದೆಯೆಂದು ನೋಡಿ ಸುತ್ತಿಕೊಂಡು ಹೋಗುವುದು ಸಾಧ್ಯವಾಯಿತು.

ಫುಜಿಟಾ ಕಂಡ ಇಳಿಗಾಳಿ

ಬೈಯರ್ಸ್ ತಂಡ ಕಂಡ ಇಳಿಗಾಳಿಯ ಪೂರ್ತಿ ಅಪಾಯ ಬಯಲಾದದ್ದು ಸುಮಾರು ಮೂರು ದಶಕಗಳ ಮೇಲೆ. 1975ರ ಜೂನ್ 24ರಂದು ನ್ಯೂಯಾರ್ಕಿನ ಕೆನಡಿ ನಿಲ್ದಾಣದ ಬಳಿ ಗುಡುಗು ಮಳೆ. ಇಳಿದ ವಿಮಾನವೊಂದರ ಪೈಲಟ್ ಗಾಳಿ ವಿಪರೀತವಾಗಿದೆ, ರನ್‌ವೇ ಬದಲಿಸಿ ಎಂದರು. ಇನ್ನೊಂದು ವಿಮಾನ ಇಳಿಯುವುದನ್ನು ಕೈಬಿಟ್ಟು ಮೇಲೆದ್ದಿತು. ಆದರೂ ಅದೇ ರನ್‌ವೇ ಬಳಕೆಯಲ್ಲಿ ಉಳಿಯಿತು. ನ್ಯೂ ಆರ್ಲಿಯನ್ಸ್‌ನಿಂದ ಬಂದ ಈಸ್ಟರ್ನ್ ಸಂಸ್ಥೆಯ ಬೋಯಿಂಗ್ 727 ರನ್‌ವೇಗೆ ಮುನ್ನವೇ ನೆಲಕ್ಕಪ್ಪಳಿಸಿ 113 ಜನ ಸತ್ತರು.

ಇದರ ಕಾರಣ ಬಿಡಿಸಿದವರು ಶಿಕಾಗೊ ವಿಶ್ವವಿದ್ಯಾಲಯದ ತೆತ್ಸುಯಾ ಫುಜಿಟಾ. ಜಪಾನಿನವರಾದ ಅವರು 1947ರಲ್ಲಿ ಸೆಫುರಿ ಬೆಟ್ಟದ ಮೇಲೆ ಗುಡುಗು ಮೋಡದ ಇಳಿಗಾಳಿಯನ್ನು ಅಳೆದಿದ್ದರು; ಆ ಬರಹವನ್ನು ಕಂಡ ಬೈಯರ್ಸ್ ಅವರೇ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡಿದ್ದರು. ಅಣುಬಾಂಬು ಬಿದ್ದ ಮೇಲೆ ನಾಗಸಾಕಿಯಲ್ಲಿ ಮರಗಳು ಒಂದು ನಡುಬಿಂದುವಿನಿಂದ ಸುತ್ತಲೂ ಹೊರಮುಖವಾಗಿ ಬಿದ್ದದ್ದನ್ನು ಫುಜಿಟಾ ನೋಡಿದ್ದರು. ಅಮೆರಿಕದಲ್ಲಿ 1974ರ ಸುಂಟರಗಾಳಿಗಳ ಹಾನಿಯನ್ನು ವಿಮಾನದಿಂದ ನೋಡುವಾಗ ಕಾಡಿನಲ್ಲಿ ಅದೇ ನಕ್ಷತ್ರದಾಕಾರ ಮತ್ತೆ ಕಂಡಿತು. ಕೊಡದ ನೀರು ಅಂಗಳಕ್ಕೆ ಸುರಿದು ಸುತ್ತಲೂ ಚೆಲ್ಲುವ ಹಾಗೆ, ಮೋಡದಿಂದ ಒಂದು ಕಂಬದಂತೆ ಇಳಿದ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ಹರಡಿತ್ತು. 4 ಕಿಲೋಮೀಟರಿನೊಳಗೆ ಹರಡಿ ಕೆಲವೇ ನಿಮಿಷ ಇರುವ ಇಂಥ ಇಳಿಗಾಳಿಗೆ ಅವರು ಮೈಕ್ರೋಬರ್ಸ್ಟ್ ಎಂದು ಹೆಸರಿಟ್ಟರು.

ಅದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಸಿಗುತ್ತದೆ. ರೆಕ್ಕೆಗೆ ಬಲ ಬಂದು ವಿಮಾನ ಮೇಲಕ್ಕೆ ಸರಿಯುತ್ತದೆ, ಪೈಲಟ್ ಎಂಜಿನ್ ತಗ್ಗಿಸುತ್ತಾರೆ. ಮರುಕ್ಷಣ ನೇರ ಇಳಿಗಾಳಿ ಅದುಮುತ್ತದೆ. ಆಮೇಲೆ ಅದೇ ಗಾಳಿ ಹಿಂದಿನಿಂದ ಬೀಸಿ ರೆಕ್ಕೆಯ ಮೇಲಿನ ಹರಿವನ್ನೇ ಕಸಿದುಕೊಳ್ಳುತ್ತದೆ. ಕಿಟ್ಟಿ ಹಾಕ್‌ನಲ್ಲಿ ರೈಟ್ ಸೋದರರನ್ನು ಎತ್ತಿದ ನಿಯಮವೇ ಇಲ್ಲಿ ಕೆಡವುತ್ತದೆ. ಫುಜಿಟಾ ಮಾತನ್ನು ಮೊದಲು ಹಲವರು ಒಪ್ಪಲಿಲ್ಲ. 1978ರಲ್ಲಿ ಶಿಕಾಗೊ ಬಳಿ, 1982ರಲ್ಲಿ ಡೆನ್ವರ್ ಬಳಿ ಗಾಳಿಯ ಚಲನೆ ತೋರಿಸುವ ಡಾಪ್ಲರ್ ರೇಡಾರ್ ಇಟ್ಟು ಅವರು ಅದನ್ನು ತೋರಿಸಿಕೊಟ್ಟರು. 1982ರ ಜುಲೈನಲ್ಲಿ ನ್ಯೂ ಆರ್ಲಿಯನ್ಸ್ ಬಳಿ 153 ಜನ, 1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ 137 ಜನ ಇಂಥ ಗಾಳಿಗೇ ಬಲಿಯಾದ ಮೇಲೆ ಅಮೆರಿಕದಲ್ಲಿ ವಿಮಾನಗಳೊಳಗೆ ಎಚ್ಚರಿಕೆ ಉಪಕರಣ ಕಡ್ಡಾಯವಾಯಿತು, ಪೈಲಟ್ ತರಬೇತಿ ಬದಲಾಯಿತು, ದೊಡ್ಡ ನಿಲ್ದಾಣಗಳಿಗೆ ಡಾಪ್ಲರ್ ರೇಡಾರ್ ಬಂತು. ಬಳಿಕ ಇಂಥ ಅಪಘಾತಗಳು ಬಹಳ ವಿರಳವಾದವು.

ಮಂಜುಗಡ್ಡೆ, ಬೂದಿ

ರೇಡಾರಿಗೆ ಕಾಣದ ಅಪಾಯಗಳು ಇನ್ನೂ ಇದ್ದವು. ಮೋಡದ ನೀರಹನಿ ಸೊನ್ನೆ ಡಿಗ್ರಿಗಿಂತ ಕೆಳಗೂ ದ್ರವವಾಗಿಯೇ ಉಳಿಯಬಲ್ಲದು. ರೆಕ್ಕೆ ಸೋಕಿದ ಕೂಡಲೆ ಅದು ಗಡ್ಡೆ ಕಟ್ಟಿ ರೆಕ್ಕೆಯ ಆಕಾರ ಕೆಡಿಸುತ್ತದೆ. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್‌ನಲ್ಲಿ ಎಟಿಆರ್ ವಿಮಾನವೊಂದು ದೊಡ್ಡ ಗಾತ್ರದ ಇಂಥ ಹನಿಗಳಿಂದ ಹತೋಟಿ ತಪ್ಪಿ ಬಿದ್ದು 68 ಜನ ಸತ್ತರು. 2009ರ ಜೂನ್ 1ರಂದು ರಿಯೊದಿಂದ ಪ್ಯಾರಿಸ್ಸಿಗೆ ಹೋಗುತ್ತಿದ್ದ ಏರ್ ಫ್ರಾನ್ಸ್ ವಿಮಾನದಲ್ಲಿ ವೇಗ ಅಳೆಯುವ ಪಿಟೊ ಕೊಳವೆಗಳನ್ನು ಸಮಭಾಜಕದ ಬಳಿಯ ಮೋಡಗಳ ಹಿಮದ ಹರಳು ಮುಚ್ಚಿತು. ವೇಗದ ಅಂಕಿ ಕೈಕೊಟ್ಟಾಗ ಸ್ವಯಂಚಾಲನೆ ಕಳಚಿತು, ಪೈಲಟ್‌ಗಳು ಗೊಂದಲಕ್ಕೆ ಬಿದ್ದರು, 228 ಜನ ಅಟ್ಲಾಂಟಿಕ್ ಪಾಲಾದರು. ಕೊಳವೆಗಳನ್ನು ಬದಲಿಸಲಾಯಿತು, ಎತ್ತರದಲ್ಲಿ ಕೈಯಿಂದ ವಿಮಾನ ನಡೆಸುವ ತರಬೇತಿಗೆ ಮತ್ತೆ ಒತ್ತು ಬಂತು.

1982ರ ಜೂನ್ 24ರ ರಾತ್ರಿ ಇಂಡೋನೇಷ್ಯಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕ ಬೋಯಿಂಗ್ 747ರ ನಾಲ್ಕೂ ಎಂಜಿನ್ ನಿಂತವು. ಒಣ ಬೂದಿ ರೇಡಾರಿನಲ್ಲಿ ಕಂಡಿರಲಿಲ್ಲ. ತೇಲುತ್ತ ಇಳಿದು ಬೂದಿಯಿಂದ ಹೊರಬಂದ ಮೇಲೆ ಎಂಜಿನ್‌ಗಳು ಮತ್ತೆ ಹೊತ್ತಿಕೊಂಡು ವಿಮಾನ ಜಕಾರ್ತಾದಲ್ಲಿ ಇಳಿಯಿತು. ಈಗ ಜಗತ್ತಿನ ಒಂಬತ್ತು ಕೇಂದ್ರಗಳು ಜ್ವಾಲಾಮುಖಿ ಬೂದಿಯ ಮೇಲೆ ಕಣ್ಣಿಟ್ಟು ವಿಮಾನಗಳಿಗೆ ಎಚ್ಚರಿಕೆ ಕಳಿಸುತ್ತವೆ.

ಒಂದು ಸಾಲಿನ ಭಾಷೆ

ಇಷ್ಟೆಲ್ಲ ತಿಳಿವಳಿಕೆ ಕಾಕ್‌ಪಿಟ್ ತಲುಪುವುದು ಜಗತ್ತಿಗೆಲ್ಲ ಸಾಮಾನ್ಯವಾದ ಒಂದು ಸಂಕೇತ ಭಾಷೆಯಲ್ಲಿ. ನಿಲ್ದಾಣದ ಆ ಹೊತ್ತಿನ ಹವೆ ಹೇಳುವುದು ಮೆಟಾರ್, ಮುಂದಿನ ಗಂಟೆಗಳದ್ದು ಟ್ಯಾಫ್, ದಾರಿಯ ಅಪಾಯದ್ದು ಸಿಗ್‌ಮೆಟ್. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಚಳಿಗಾಲದ ಒಂದು ಮುಂಜಾನೆಯ ಮೆಟಾರ್ ಮಾದರಿ ಹೀಗಿರುತ್ತದೆ: ವಿಒಬಿಎಲ್ 130100ಜೆಡ್ 00000ಕೆಟಿ 0200 ಎಫ್‌ಜಿ ವಿವಿ001 15/15 ಕ್ಯೂ1017. ವಿಒಬಿಎಲ್ ಎಂದರೆ ಆ ನಿಲ್ದಾಣ. 13ನೇ ತಾರೀಕು, ಗ್ರೀನಿಚ್ ಸಮಯ 1 ಗಂಟೆ, ಅಂದರೆ ಇಲ್ಲಿ ಬೆಳಿಗ್ಗೆ ಆರೂವರೆ. ಐದು ಸೊನ್ನೆ ಎಂದರೆ ಗಾಳಿ ಅಲುಗಾಡುತ್ತಿಲ್ಲ. ಕಣ್ಣಿಗೆ ಕಾಣುವುದು 200 ಮೀಟರ್. ಎಫ್‌ಜಿ ಎಂದರೆ ಮಂಜು. ಮೇಲೆ ನೋಡಿದರೆ 100 ಅಡಿ ಮಾತ್ರ ಕಾಣುತ್ತದೆ. ಉಷ್ಣತೆ 15 ಡಿಗ್ರಿ, ಇಬ್ಬನಿ ಕಟ್ಟುವ ಮಟ್ಟವೂ 15 ಡಿಗ್ರಿ. ಕೊನೆಯದು ಆಲ್ಟಿಮೀಟರ್ ಹೊಂದಿಸಲು ಬೇಕಾದ ಒತ್ತಡ.

ಅನುಭವಿ ಪೈಲಟ್ ಈ ಸಾಲಿನಲ್ಲಿ ಮೊದಲು ನೋಡುವುದು 15/15ನ್ನು. ಎರಡೂ ಸಮವಾದಾಗ ಗಾಳಿ ಇನ್ನು ತೇವ ಹೊರಲಾರದು, ಅದು ಮಂಜಾಗುತ್ತದೆ. ಬೀಸುವ ಗಾಳಿಯೂ ಇಲ್ಲದಿರುವುದರಿಂದ ಬಿಸಿಲೇರಿ ನೆಲ ಕಾಯುವವರೆಗೆ ಅದು ಕದಲುವುದಿಲ್ಲ. ನಿಲ್ದಾಣವಿರುವ ದೇವನಹಳ್ಳಿಯ ಬಯಲಿನಲ್ಲಿ ಚಳಿಗಾಲದ ಮುಂಜಾವಿಗೆ ಇದು ಹೊಸದಲ್ಲ. ಇಂಥ ಹೊತ್ತಿನಲ್ಲಿ ರನ್‌ವೇ ಎಷ್ಟು ದೂರ ಕಾಣುತ್ತದೆಂದು ಅಳೆಯುವ ದೃಷ್ಟಿ ಎಂಬ ಉಪಕರಣವನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೇ ರೂಪಿಸಿದ್ದು, ಹವಾಮಾನ ಇಲಾಖೆಯ ಸಹಯೋಗದಲ್ಲಿ ಅದು ಭಾರತದ ಹಲವು ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದೆ. ಬೆಳಕಿನ ಕಿರಣವೊಂದು ಸ್ವಲ್ಪ ದೂರ ಸಾಗುವಷ್ಟರಲ್ಲಿ ಎಷ್ಟು ಮಸುಕಾಯಿತು ಎಂಬುದರಿಂದ ಅದು ದೂರ ಲೆಕ್ಕ ಹಾಕುತ್ತದೆ.

ವಿಮಾನವೇ ಈಗ ಹವಾಮಾನ ಠಾಣೆಯೂ ಆಗಿದೆ. ಹಾರುವ ಸಾವಿರಾರು ಪ್ರಯಾಣಿಕ ವಿಮಾನಗಳು ಏರುವಾಗ, ಸಾಗುವಾಗ, ಇಳಿಯುವಾಗ ತಾವು ಅಳೆದ ಗಾಳಿ ಮತ್ತು ಉಷ್ಣತೆಯನ್ನು ತಾವಾಗಿಯೇ ಕೆಳಗೆ ಕಳಿಸುತ್ತವೆ. ಆ ಅಂಕಿಗಳು ಮುನ್ಸೂಚನೆಯ ಗಣಕಗಳಿಗೆ ಹೋಗಿ, ಮುಂದಿನ ವಿಮಾನಗಳ ದಾರಿಯ ನಕ್ಷೆಯಾಗಿ ಮರಳಿ ಬರುತ್ತವೆ. 2020ರಲ್ಲಿ ಕೋವಿಡ್‌ನಿಂದ ಹಾರಾಟ ನಿಂತಾಗ ಮುನ್ಸೂಚನಾ ಕೇಂದ್ರಗಳಿಗೆ ಬರುತ್ತಿದ್ದ ಈ ಅಂಕಿಗಳು ಬಹುಪಾಲು ಬತ್ತಿದವು. ಹವಾಮಾನ ಶಾಸ್ತ್ರ ವಿಮಾನಗಳನ್ನು ಎಷ್ಟು ನೆಚ್ಚಿಕೊಂಡಿದೆ ಎಂಬುದು ಆಗ ಗೊತ್ತಾಯಿತು. 1900ರಲ್ಲಿ ಹಾರಲು ಹೊರಟವರು ಗಾಳಿ ಹೇಗಿದೆಯೆಂದು ಹವಾಮಾನ ಠಾಣೆಗೆ ಪತ್ರ ಬರೆದು ಕೇಳಿದ್ದರು. ಈಗ ಹಾರುತ್ತಿರುವವರು ಗಾಳಿ ಹೇಗಿದೆಯೆಂದು ಹವಾಮಾನ ಕಚೇರಿಗೆ ನಿಮಿಷ ನಿಮಿಷಕ್ಕೂ ಬರೆಯುತ್ತಿದ್ದಾರೆ.